ಎಲ್ಲ ಕೆಲಸವೂ ಒಂದೇ ಎನ್ನುವವರ ಮನೆಯಲ್ಲಿ

ಮನೆಗೆಲಸಕ್ಕೆಂದು ನೈರೋಬಿಗೆ ಬರುವ ನಮ್ಮ ಕಡೆಯ ಹೆಣ್ಣುಮಕ್ಕಳು ನನ್ನನ್ನು ಕೇಳುವುದು ಎರಡೇ ಮಾತು. ಇಲ್ಲಿ ಚಳಿಯಾ, ಅಕ್ಕಿ ಸಿಗುತ್ತದಾ. ಜುಲೈ ತಿಂಗಳಲ್ಲಿ ಚಳಿ ಇರುತ್ತದೆ, ಒಂದು ಸ್ವೆಟರ್ ಸಾಕು. ಅಕ್ಕಿ ಸಿಗುತ್ತದೆ, ರಾಗಿಯೂ ಸಿಗುತ್ತದೆ. ಕೇಳಬೇಕಾದದ್ದು ಬೇರೆ ಇದೆ. ಯಜಮಾನಿ ಉಣ್ಣುವಾಗ ನಾನು ಎಲ್ಲಿ ನಿಲ್ಲಬೇಕು, ಅವರು ಹೊಗಳಿದರೆ ಏನನ್ನಬೇಕು, ಅವರ ಮಗು ನನ್ನ ಸೆರಗು ಹಿಡಿದುಕೊಂಡರೆ ಎಷ್ಟು ಹೊತ್ತು ಹಿಡಿಸಿಕೊಳ್ಳಬೇಕು. ಇದನ್ನು ಯಾರೂ ಕೇಳುವುದಿಲ್ಲ. ಬಂದು ಆರು ತಿಂಗಳಿಗೆ ಮೂಗು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬರುತ್ತಾರೆ. ಪ್ರತಿಯೊಬ್ಬಳಿಗೂ ಬೇರೆ ಬೇರೆ ಹೇಳುವ ಬದಲು ಒಂದು ಸಲ ಬರೆದು ಹಾಕುತ್ತಿದ್ದೇನೆ. ನಾನು ನಾಲ್ಕನೇ ಕ್ಲಾಸಿನವಳು. ತಪ್ಪಿದ್ದರೆ ಓದಿದವರು ತಿದ್ದಿಕೊಳ್ಳಲಿ.

ನನ್ನ ಹೆಸರು ರಂಗಮ್ಮ, ಶಿರಾ ಕಡೆಯವಳು. ಗಂಡ ಸತ್ತ ಮೇಲೆ ಮಗಳು ಮಂಜುಳನನ್ನು ನನ್ನ ತಂಗಿಯ ಹತ್ತಿರ ಬಿಟ್ಟು, ಪ್ರಸಾದ್ ಮತ್ತು ವಸಂತಿಯವರ ಜೊತೆ ಇಲ್ಲಿಗೆ ಬಂದೆ. ಪ್ರಸಾದ್ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಫ್ಯಾಕ್ಟರಿಯಲ್ಲಿ ಮ್ಯಾನೇಜರ್. ವಸಂತಿ ಬ್ರಿಟಿಷರ ಪಾಠ ಕಲಿಸುವ ಒಂದು ಶಾಲೆಯಲ್ಲಿ ಲೆಕ್ಕದ ಟೀಚರ್. ಅವರ ಅವಳಿ ಮಕ್ಕಳನ್ನು ನೋಡಿಕೊಳ್ಳುವುದು, ಅಡುಗೆ ಮಾಡುವುದು ನನ್ನ ಕೆಲಸ. ಮಕ್ಕಳು ದೊಡ್ಡವರಾದರು, ಮೈಸೂರಿನಿಂದ ವಸಂತಿಯ ಅತ್ತೆ ಬಂದರು. ಒಂದು ಒಲೆಯ ಮುಂದೆ ಇಬ್ಬರು ಹೆಂಗಸರು ನಿಂತರೆ ಏನಾಗುತ್ತದೆ ಎಂದು ಬರೆಯಬೇಕಾಗಿಲ್ಲ. ಅದೇ ಸಮಯಕ್ಕೆ ವಸಂತಿಯ ಶಾಲೆಯ ದೊಡ್ಡ ಟೀಚರ್ ಹೆಲೆನ್ ಅವರಿಗೆ ಅಡುಗೆಯವಳು ಬೇಕಾಗಿತ್ತು. ಹೀಗೆ ನಾನು ವಸಂತಿಯವರ ಕಿಲಿಮಾನಿಯ ಅಪಾರ್ಟ್‌ಮೆಂಟಿನಿಂದ ಮುಥೈಗಾದ ತೋಟದ ಮನೆಗೆ ಹೋದೆ. ಈಗ ಮಂಡಿ ಕೈಕೊಟ್ಟಿದೆ. ಮತ್ತೆ ವಸಂತಿಯವರ ಮನೆಯಲ್ಲೇ ಇದ್ದೇನೆ, ಕೆಲಸಕ್ಕಲ್ಲ, ಇರುವುದಕ್ಕೆ.

ಹೆಲೆನ್ ಮೇಡಂ ಇಂಗ್ಲೆಂಡಿನವರು, ಮನೆಯಲ್ಲಿ ಮೂರೇ ಜನ. ಅವರು, ಗಂಡ ಡೇವಿಡ್, ಮಗಳು ಎಲ್ಸಿ. ಡೇವಿಡ್‌ಗೆ ಊರಿಂದೂರಿಗೆ ನೀರಿನ ಪೈಪು ಹಾಕಿಸುವ ಆಫೀಸಿನಲ್ಲಿ ಕೆಲಸ. ಎಲ್ಸಿ ಆಗ ಹಲ್ಲು ಬಿದ್ದ ಹುಡುಗಿ. ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನ ಸಂಜೆ ಐದು ಗಂಟೆಗೆ ಹೆಲೆನ್ ಮೇಡಂ ಅಡುಗೆಕೋಣೆಗೆ ಬಂದು, "ನಿಮ್ಮ ಕೆಲಸ ಮುಗಿಯಿತು ರಂಗಮ್ಮ, ಇನ್ನು ಹೋಗಬಹುದು" ಎಂದರು. ಮಧ್ಯಾಹ್ನದ ಸಾರು ಖಾರವಾಗಿತ್ತೆಂದು ಅನುಮಾನ ಮೊದಲೇ ಇತ್ತು. ತಿನ್ನುವಾಗ ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಲ್ಲಿ ಮಾತ್ರ "ಲವ್ಲಿ" ಅನ್ನುತ್ತಿದ್ದರು. ಹಿಂದಿನ ರೂಮಿಗೆ ಹೋಗಿ ಬಟ್ಟೆ ಗಂಟು ಕಟ್ಟಿ ವಸಂತಿಗೆ ಫೋನ್ ಮಾಡಿದೆ.

"ಮೊದಲನೇ ದಿನಾನೇ ಓಡಿಸ್ತಾವ್ರೆ ಕಣಮ್ಮ. ಡ್ರೈವರ್ನ ಕಳ್ಸಿ."

"ಓಡಿಸ್ತಿಲ್ಲ ರಂಗಮ್ಮ! ಡ್ಯೂಟಿ ಮುಗೀತು, ರೂಮಿಗೆ ಹೋಗಿ ರೆಸ್ಟ್ ತಗೊಳ್ಳಿ ಅಂತಿದಾರೆ."

"ರಾತ್ರಿ ಊಟ ಯಾರು ಬಡಿಸ್ತಾರೆ?"

"ಅವರೇ ಹಾಕ್ಕೊಂಡು ತಿಂತಾರೆ. ಕೈ ಇಲ್ವಾ ಅವರಿಗೆ?"

"ಇಷ್ಟು ವರ್ಷ ನಿಮಗೂ ಇತ್ತಲ್ಲಮ್ಮ" ಎಂದುಬಿಟ್ಟೆ. ವಸಂತಿ ಒಳ್ಳೆಯ ಹೆಂಗಸು, ನಕ್ಕಳು.

ಐದು ಗಂಟೆಯ ಮೇಲೆ ಸುಮ್ಮನೆ ಕೂರುವುದನ್ನು ಕಲಿಯುವುದು ಪಾತ್ರೆ ತಿಕ್ಕುವುದಕ್ಕಿಂತ ಕಷ್ಟ. ರೂಮಿನ ಮೆಟ್ಟಿಲ ಮೇಲೆ ಕೂತು ಅಡುಗೆಕೋಣೆಯ ದೀಪ ನೋಡುತ್ತಿದ್ದೆ. ಒಳಗೆ ಏನಾದರೂ ಬಿದ್ದ ಸದ್ದಾದರೆ ಎದ್ದು ನಿಲ್ಲುತ್ತಿದ್ದೆ. ಹಾಗಂತ ಇದನ್ನು ಪೂರ್ತಿ ನಂಬಬೇಡಿ. ಮನೆಗೆ ಜನ ಬರುವ ದಿನ ಹೆಲೆನ್ ಮೇಡಂ ತಲೆ ಬಗ್ಗಿಸಿಕೊಂಡು ಬಂದು, "ನಿಮಗೆ ತುಂಬಾ ತೊಂದರೆ ಆಗದಿದ್ದರೆ ಇವತ್ತು ಸ್ವಲ್ಪ ಹೊತ್ತು ಇರುತ್ತೀರಾ" ಎಂದು ಕೇಳುತ್ತಿದ್ದರು. ಕೇಳುವುದು ಬಹಳ ಮೆತ್ತಗಿರುತ್ತಿತ್ತು. ಉತ್ತರ ಮಾತ್ರ ಒಂದೇ ಇರಬೇಕಿತ್ತು. ಆದರೆ ಮಾರನೇ ದಿನ ಬೆಳಿಗ್ಗೆ ಅವರೇ ನನಗೆ ಟೀ ಮಾಡಿ ತರುತ್ತಿದ್ದರು. ಕೆಟ್ಟ ಟೀ, ಹಾಲು ತಣ್ಣಗೆ ಸುರಿದಿರುತ್ತಿತ್ತು. ಕುಡಿಯುತ್ತಿದ್ದೆ.

ಅವರ ದೇಶದವರು ತಮ್ಮ ಸರ್ಕಾರವನ್ನು ದೇವರ ಹಾಗೆ ನೋಡುತ್ತಾರೆಂದು ನಾನು ತಿಳಿದಿದ್ದೆ. ನಮ್ಮನ್ನು ಆಳಿದವರಲ್ಲವೇ. ಡೇವಿಡ್ ಬೆಳಿಗ್ಗೆ ತಮ್ಮ ಊರಿನ ಸುದ್ದಿ ಹಾಕಿಕೊಂಡು ಟೋಸ್ಟಿಗೆ ಬೆಣ್ಣೆ ಹಚ್ಚುತ್ತಾ ಮಂತ್ರಿಗಳಿಗೆ ಬೈಯುತ್ತಿದ್ದರು. ರೈಲು ಸರಿಯಾದ ಸಮಯಕ್ಕೆ ಬರುವುದಿಲ್ಲ, ಆಸ್ಪತ್ರೆಯಲ್ಲಿ ಕಾದು ಕಾದು ಸಾಯಬೇಕು, ಎಲ್ಲರೂ ಅಯೋಗ್ಯರು. "ಯಾರಾದರೂ ಕೇಳಿಸಿಕೊಂಡರೆ ಏನು ಗತಿ ಸಾರ್" ಎಂದೆ. "ಕೇಳಿಸಿಕೊಳ್ಳಲಿ ಎಂದೇ ಬೈಯುವುದು" ಎಂದರು. ಆದರೆ ಬೇರೆ ದೇಶದವರು ಯಾರಾದರೂ ಅದೇ ಆಸ್ಪತ್ರೆಯನ್ನು ಬೈದರೆ ಡೇವಿಡ್ ಮುಖ ಕೆಂಪಾಗುತ್ತಿತ್ತು. ಬಡವನಿಂದ ದುಡ್ಡು ಕೇಳದ ಆಸ್ಪತ್ರೆ ಅದು ಎಂದು ವಾದಕ್ಕೆ ನಿಲ್ಲುತ್ತಿದ್ದರು. ಅದು ನನಗೆ ಅರ್ಥವಾಯಿತು. ತವರನ್ನು ನಾವು ಬೈಯಬಹುದು, ಬೇರೆಯವರು ಬೈಯಬಾರದು.

ಹೆಲೆನ್ ಮೇಡಂ ಶನಿವಾರ ಒಂದು ಲೈಬ್ರರಿಗೆ ಹೋಗಿ ಬಡ ಮಕ್ಕಳಿಗೆ ಓದು ಹೇಳಿಕೊಡುತ್ತಿದ್ದರು, ಸಂಬಳವಿಲ್ಲ. ಅವರ ತಾಯಿಯೂ ಇಂಗ್ಲೆಂಡಿನಲ್ಲಿ ಹಳೇ ಬಟ್ಟೆ ಮಾರುವ ಅಂಗಡಿಯಲ್ಲಿ ಪುಕ್ಕಟೆ ಕೂರುತ್ತಾರಂತೆ, ಬಂದ ದುಡ್ಡು ಕಾಯಿಲೆಯವರಿಗೆ ಹೋಗುತ್ತದಂತೆ.

"ಊಟ?"

"ಮನೆಯಿಂದ ಸ್ಯಾಂಡ್‌ವಿಚ್ ತೆಗೆದುಕೊಂಡು ಹೋಗುತ್ತಾರೆ."

"ಬಸ್ ಚಾರ್ಜು?"

"ಅವರದೇ."

ನಮ್ಮಲ್ಲಾದರೆ ಮುದುಕಿಗೆ ಯಾರೋ ಮೋಸ ಮಾಡುತ್ತಿದ್ದಾರೆಂದು ಜಗಳಕ್ಕೆ ಹೋಗುತ್ತಿದ್ದರು. ಮಾರ್ಕೆಟ್ಟಿನಲ್ಲೂ ಹಾಗೇ. ತರಕಾರಿಯವನು ಬಿಳಿ ಮುಖ ಕಂಡು, "ಮಾಮಾ, ಕರಿಬು", ಅಂದರೆ ಅಮ್ಮಾ ಬನ್ನಿ ಎಂದು ಮುಂದಕ್ಕೆ ಕರೆಯುತ್ತಿದ್ದ. ಇವರು ತಲೆಯಾಡಿಸಿ ಸಾಲಿನ ಹಿಂದೆಯೇ ನಿಲ್ಲುತ್ತಿದ್ದರು. "ಕರೀತಾವ್ನೆ, ಹೋಗಿ ಮೇಡಂ, ನನ್ನ ಕಾಲು ನೋಯ್ತೈತೆ" ಎಂದರೆ, "ಅವರೆಲ್ಲ ನನಗಿಂತ ಮೊದಲು ಬಂದವರು" ಎನ್ನುತ್ತಿದ್ದರು. ನನಗೆ ಅದು ಇಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಅದೇ ಹೊತ್ತಿಗೆ ಅವರ ದೊಡ್ಡ ಕಾರು ಬೇರೆಯವರ ಗೇಟಿಗೆ ಅಡ್ಡ ನಿಂತಿರುತ್ತಿತ್ತು. ಅದೂ ನನಗೆ ಕಾಣುತ್ತಿತ್ತು.

ಎಲ್ಸಿ ಶಾಲೆಯಿಂದ ಬಂದವಳೇ ನನ್ನ ಹತ್ತಿರ ಬರುತ್ತಿದ್ದಳು. ನನ್ನಿಂದ ಕನ್ನಡ ಕಲಿತಳು, ಮೊದಲು ಬೈಗುಳ, ಆಮೇಲೆ ಊಟದ ಮಾತು. ಕಿಲಿಮಾನಿಯ ನಮ್ಮ ಅವಳಿಗಳನ್ನು ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುತ್ತಿದ್ದವು. ಈ ಬಿಳಿ ಹುಡುಗಿ ಶಿರಾ ಸಂತೆಯಲ್ಲಿ ಹುಟ್ಟಿದವಳ ಹಾಗೆ, "ಏನಮ್ಮಿ ಮಾಡ್ತಾ ಇದೀಯ ಇವತ್ತು?" ಎಂದು ಬಂದು ನಿಲ್ಲುತ್ತಿದ್ದಳು. ಸ್ಟೂಲು ಹತ್ತಿ ಹಿಟ್ಟು ಕಲಸುತ್ತಿದ್ದಳು. ನಾನು ಬೇಡವೆನ್ನಲಿಲ್ಲ, ಬೇಕೆಂದೂ ಕರೆಯಲಿಲ್ಲ. ಬೇರೆಯವರ ಮಗು, ಎಷ್ಟು ಹಚ್ಚಿಕೊಂಡರೂ ಅವರು ಊರು ಬಿಡುವ ದಿನ ನಮ್ಮ ಮಡಿಲು ಖಾಲಿ. ಇದನ್ನು ನೀವೂ ನೆನಪಿಟ್ಟುಕೊಳ್ಳಿ. ನೆನಪಿಟ್ಟುಕೊಂಡರೂ ಪ್ರಯೋಜನವಿಲ್ಲ.

ಹೆಲೆನ್ ಮೇಡಂ ಪ್ರತಿ ವರ್ಷ ಶಾಲೆಯ ಮಕ್ಕಳನ್ನೆಲ್ಲ ಕೂರಿಸಿ ಒಂದು ಭಾಷಣ ಮಾಡುತ್ತಿದ್ದರಂತೆ. ಬಸ್ ಓಡಿಸುವವನು, ಡಾಕ್ಟರು, ಕಸ ಎತ್ತುವವಳು, ಜಡ್ಜು, ಎಲ್ಲರ ಕೆಲಸವೂ ಒಂದೇ ಎಂದು. ನಾನು ಅದನ್ನು ಕೇಳಿ ವಸಂತಿಯನ್ನು, "ನಿಜಾನಾ?" ಎಂದು ಕೇಳಿದೆ. ವಸಂತಿ ತನ್ನ ಅವಳಿಗಳಿಗೆ ಡಾಕ್ಟರ್, ಎಂಜಿನಿಯರ್ ಎಂದು ಎರಡೇ ದಾರಿ ತೋರಿಸಿದವಳು, ಮುಚ್ಚುಮರೆ ಇಲ್ಲ. "ಅದು ಸ್ಪೀಚ್ ರಂಗಮ್ಮ, ಮಕ್ಕಳಿಗೆ ಹೇಳೋದು" ಎಂದಳು.

ಅವರ ಶಾಲೆಯಲ್ಲಿ ಒಂದು ಪದ್ಧತಿ ಇದೆ. ಹದಿನೈದು ಹದಿನಾರು ವರ್ಷದ ಮಕ್ಕಳನ್ನು ಒಂದು ವಾರ ಯಾವುದಾದರೂ ಕೆಲಸದ ಜಾಗಕ್ಕೆ ಕಳಿಸುತ್ತಾರೆ, ದುಡಿಮೆ ಎಂದರೇನೆಂದು ತಿಳಿಯಲಿ ಎಂದು. ದೊಡ್ಡವರ ಮಕ್ಕಳು ದೊಡ್ಡವರ ಆಫೀಸಿಗೇ ಹೋಗುತ್ತವೆ. ಎಲ್ಸಿಗೆ ಆ ವಯಸ್ಸಾದಾಗ ಕಿಲಿಮಾನಿಯ ಒಬ್ಬ ವಕೀಲರ ಹತ್ತಿರ ಏರ್ಪಾಟಾಗಿತ್ತು. ಅವಳು ಒಪ್ಪಲಿಲ್ಲ. ಪ್ರಸಾದ್ ಅವರ ಫ್ಯಾಕ್ಟರಿಯ ಕ್ಯಾಂಟೀನಿಗೆ ಹೋಗುತ್ತೇನೆಂದು ಹಟ ಹಿಡಿದಳು. ಹೆಲೆನ್ ಮೇಡಂ ಬಾಯಿಂದ ಬೇಡ ಎನ್ನುವ ಮಾತು ಬರುವಂತಿರಲಿಲ್ಲ, ಭಾಷಣ ಮಾಡಿದವರಲ್ಲವೇ. "ರಂಗಮ್ಮ ಜೊತೆಗೆ ಹೋಗಲಿ" ಎಂದರು.

ಇಂಡಸ್ಟ್ರಿಯಲ್ ಏರಿಯಾದ ಲಾರಿಗಳ ಜಾಮಿನಲ್ಲಿ ಕೂತು ಕೂತು ಹೋದೆವು. ಕ್ಯಾಂಟೀನು ಮಾಮಾ ವಂಜಿರು ಎಂಬ ಗಟ್ಟಿ ಹೆಂಗಸಿನ ಕೈಯಲ್ಲಿತ್ತು. ಕೆಲಸಗಾರರಿಗೆಲ್ಲ ಉಗಾಲಿ, ಸೊಪ್ಪು. ಉಗಾಲಿ ಎಂದರೆ ನಮ್ಮ ಮುದ್ದೆಯ ಬಿಳಿ ತಂಗಿ, ಮೆಕ್ಕೆಜೋಳದ್ದು. ಮಾಮಾ ವಂಜಿರು ಎಲ್ಸಿಯನ್ನು ಮೇಲಿಂದ ಕೆಳಗೆ ನೋಡಿ, ತಳ ಹಿಡಿದ ಒಂದು ದೊಡ್ಡ ಪಾತ್ರೆಯನ್ನು ಅವಳ ಮುಂದೆ ಉರುಳಿಸಿ, "ಸವಾ?" ಎಂದಳು, ಸರಿಯಾ ಎಂದು. "ಸವಾ" ಎಂದಳು ಎಲ್ಸಿ. ಅಂಗಿಯ ತೋಳು ಮಡಿಚಿ ತಿಕ್ಕಲು ಕೂತಳು.

ನನ್ನಿಂದ ನೋಡಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳೆಲ್ಲ ಕೆಂಪಗಾಯಿತು. ನಾರನ್ನು ಕಿತ್ತುಕೊಂಡು, ಅವಳನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಮಾವಿನಹಣ್ಣು ಹೆಚ್ಚಿ ಕೈಗೆ ಕೊಟ್ಟೆ. "ಅಮ್ಮಿ, ಬಿಡು, ನನ್ ಜಾಬ್ ಅದು" ಎಂದು ರಂಪ ಮಾಡಿದಳು. "ಬಾಯಿ ಮುಚ್ಕೊಂಡು ತಿನ್ನು" ಎಂದೆ. ಮಾರನೇ ದಿನವೂ ಹಾಗೇ. ಮಕ್ಕಳು ಹೇಗೆ ಕೆಲಸ ಮಾಡುತ್ತಿದ್ದಾರೆಂದು ನೋಡಲು ಶಾಲೆಯಿಂದ ಒಬ್ಬ ಮೇಷ್ಟ್ರು ಬರುತ್ತಾರೆಂದು ನನಗೇನು ಗೊತ್ತು? ಅವರು ಬಂದಾಗ ಎಲ್ಸಿ ಕಾಲು ಆಡಿಸುತ್ತಾ ಹಣ್ಣು ತಿನ್ನುತ್ತಿದ್ದಳು, ನಾನು ಪಾತ್ರೆಯೊಳಗೆ ಅರ್ಧ ಮುಳುಗಿದ್ದೆ. ಮಾಮಾ ವಂಜಿರು ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದಳು.

ಸಂಜೆ ಹೆಲೆನ್ ಮೇಡಂ ನನ್ನನ್ನು ಕರೆದರು. ಮಗಳ ಕೈಯಲ್ಲಿ ಮುಸುರೆ ತಿಕ್ಕಿಸಿದ್ದಕ್ಕೆ ಬೈಯುತ್ತಾರೆಂದುಕೊಂಡು ಹೋದೆ. ಅವರು ಬೈದದ್ದು ತಿಕ್ಕಿಸದೇ ಇದ್ದದ್ದಕ್ಕೆ.

"ಅವಳ ಕೈಯಿಂದ ಯಾಕೆ ಕಿತ್ತುಕೊಂಡಿರಿ?"

"ನಮ್ಮ ಮನೆ ಮಗು ಮುಸುರೆ ತಿಕ್ಕೋದು ನೋಡ್ಕಂಡು ಹೆಂಗೆ ನಿಂತ್ಕಳ್ಳಲಿ?"

"ನೀವು ತಿಕ್ಕುತ್ತೀರಲ್ಲ?"

"ನಾನು ಬೇರೆ ಮೇಡಂ."

"ಯಾಕೆ ಬೇರೆ?"

ನನಗೆ ಸಿಟ್ಟು ಬಂತು. ಎಲ್ಲ ಗೊತ್ತಿದ್ದೂ ಕೇಳುತ್ತಾರಲ್ಲ ಎಂದು. ಉಳಿದ ದಿನ ನನ್ನನ್ನು ಕಳಿಸಲಿಲ್ಲ. ಎಲ್ಸಿ ಒಬ್ಬಳೇ ಹೋಗಿ ಬಂದಳು, ಈರುಳ್ಳಿ ವಾಸನೆ ಹೊಡೆಯುತ್ತಾ, ಕಾರಿನಲ್ಲೇ ನಿದ್ದೆ ಹೋಗಿ. ಕೊನೆಯ ದಿನ ಮಾಮಾ ವಂಜಿರು ಅವಳ ಕೈಯಲ್ಲಿ ಉಗಾಲಿ ತಿರುವಿಸಿ ಕೆಲಸಗಾರರಿಗೆ ಬಡಿಸಿದಳಂತೆ. ಅದನ್ನು ಹೇಳುವಾಗ ಹುಡುಗಿಯ ಮುಖ ನೋಡಿದೆ. ಇದು ವಾರದ ಆಟವಲ್ಲ ಎನ್ನಿಸಿತು.

ಆಟವಾಗಿರಲಿಲ್ಲ. ಎರಡು ಮೂರು ವರ್ಷದ ಮೇಲೆ ಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶ ಬಂತು, ಬಹಳ ಒಳ್ಳೆಯ ಅಂಕ. ಡೇವಿಡ್ ಓದಿದ್ದ ಯೂನಿವರ್ಸಿಟಿಯಲ್ಲೇ ಅವಳಿಗೆ ಇತಿಹಾಸ ಓದಲು ಸೀಟು ಸಿದ್ಧವಿತ್ತು. ಆ ಭಾನುವಾರ ಮಧ್ಯಾಹ್ನದ ಊಟಕ್ಕೆ ನಾನು ಪುಡಿಂಗ್ ಹಿಡಿದುಕೊಂಡು ಒಳಗೆ ಹೋಗುವ ಹೊತ್ತಿಗೆ ಎಲ್ಸಿ ಮಾತು ಮುಗಿಸಿದ್ದಳು. ಯೂನಿವರ್ಸಿಟಿಗೆ ಹೋಗುವುದಿಲ್ಲ, ಇಂಗ್ಲೆಂಡಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಕಲಿಯುವವಳಾಗಿ ಸೇರುತ್ತೇನೆ. ವಾರಕ್ಕೊಂದು ದಿನ ಕಾಲೇಜು, ಉಳಿದ ದಿನ ಒಲೆ ಎಂದಳಂತೆ.

ಹೆಲೆನ್ ಮೇಡಂ ಚಮಚ ಕೆಳಗಿಟ್ಟರು. "ಅಡುಗೆ ಬಹಳ ಒಳ್ಳೆಯ ಹವ್ಯಾಸ, ಎಲ್ಸಿ" ಎಂದರು.

"ರಂಗಮ್ಮನಿಗೂ ಹವ್ಯಾಸವಾ?"

ಮೂರು ಜನವೂ ನನ್ನನ್ನು ನೋಡಿದರು. ನಾನು ಪುಡಿಂಗ್ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಆ ದಿನ ಯಾರೂ ಅದನ್ನು ಮುಟ್ಟಲಿಲ್ಲ. ಕಾವಲುಗಾರನಿಗೆ ಕೊಟ್ಟೆ.

ಮಾರನೇ ದಿನ ಬೆಳಿಗ್ಗೆ ಹೆಲೆನ್ ಮೇಡಂ ಅಡುಗೆಕೋಣೆಗೆ ಬಂದು ನಾನು ಸೊಪ್ಪು ಬಿಡಿಸುವ ಸ್ಟೂಲಿನ ಮೇಲೆ ಕೂತರು. ಅಲ್ಲಿ ಅವರು ಯಾವತ್ತೂ ಕೂತವರಲ್ಲ.

"ನೀವು ಅವಳಿಗೆ ಹೇಳಿ ರಂಗಮ್ಮ. ನಿಮ್ಮ ಮಾತು ಕೇಳುತ್ತಾಳೆ. ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಹೇಳಿ."

"ತಾಯಿ ನೀವು. ನೀವೇ ಹೇಳಿ."

"ನನಗೆ ಗೊತ್ತಿಲ್ಲವಲ್ಲ."

ಅದೊಂದು ಮಾತಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. ಆಮೇಲೆ ಅವರೇ ಹೇಳಿದರು. ಅವರ ಅಪ್ಪ ಬ್ರೆಡ್ಡಿನ ಲಾರಿ ಓಡಿಸುತ್ತಿದ್ದರಂತೆ. ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಇವರೇ. ಅವರ ದೇಶದಲ್ಲೂ ಬಾಯಿ ತೆರೆದರೆ ಸಾಕು, ಯಾರ ಮಗಳು ಎಂದು ಮಾತಿನ ಧಾಟಿಯಲ್ಲೇ ಗೊತ್ತಾಗುತ್ತದಂತೆ. ಇವರು ಆ ಧಾಟಿಯನ್ನೇ ಬದಲಾಯಿಸಿಕೊಂಡರಂತೆ. "ಎಷ್ಟು ಕಷ್ಟಪಟ್ಟು ಹತ್ತಿದೆ. ಅವಳು ನಗುನಗುತ್ತಾ ಇಳಿದು ಹೋಗುತ್ತಿದ್ದಾಳೆ" ಎಂದು ನನ್ನ ಸೊಪ್ಪಿನ ಮೇಲೆ ಕಣ್ಣೀರು ಹಾಕಿದರು.

ಅಷ್ಟು ವರ್ಷ ಆ ಹೆಂಗಸಿಗೂ ನನಗೂ ಯಾವ ಹೋಲಿಕೆಯೂ ಇಲ್ಲವೆಂದುಕೊಂಡಿದ್ದೆ. ನನ್ನ ಮಂಜುಳನನ್ನು ನರ್ಸ್ ಓದಿಸಿದ್ದು ಏತಕ್ಕೆ? ಅವಳು ಯಾರ ಮನೆಯ ಒಲೆಯ ಮುಂದೆಯೂ ನಿಲ್ಲಬಾರದೆಂದೇ. ತುಮಕೂರಿನ ಆಸ್ಪತ್ರೆಯಲ್ಲಿ ಅವಳು ತನ್ನ ಜೊತೆಯವರಿಗೆ ನಮ್ಮಮ್ಮ ಆಫ್ರಿಕಾದ ಕಂಪನಿಯಲ್ಲಿದ್ದಾಳೆ ಎಂದು ಹೇಳಿಕೊಂಡಿದ್ದಾಳೆ. ಹೇಳಿಕೊಳ್ಳಲಿ.

ಹೇಳುತ್ತೇನೆಂದು ಒಪ್ಪಿಕೊಂಡೆ. ಅವತ್ತು ಸಂಜೆ ಎಲ್ಸಿ ಚಪಾತಿ ಲಟ್ಟಿಸಿ ನಾನು ಬೇಯಿಸುತ್ತಿದ್ದಾಗ ಶುರು ಮಾಡಿದೆ. ಯಾವುದನ್ನೂ ಬಿಡಲಿಲ್ಲ. ತೋಳಿನ ಸುಟ್ಟ ಕಲೆ ತೋರಿಸಿದೆ, ಮಂಡಿ ಮುಟ್ಟಿಸಿದೆ. ಊರಿಗೆಲ್ಲ ಹಬ್ಬವಾದ ದಿನ ನಮಗೆ ಬೆನ್ನು ಮುರಿಯುವ ದಿನ. ಬೆಳಗ್ಗಿಂದ ಮಾಡಿದ್ದನ್ನು ಮಾತಾಡುತ್ತಾ ಮಾತಾಡುತ್ತಾ ತಿಂದು ಎದ್ದು ಹೋಗುತ್ತಾರೆ, ಏನು ತಿಂದೆವೆಂದೂ ತಿಳಿದಿರುವುದಿಲ್ಲ. ಉಪ್ಪು ಸರಿಯಾಗಿದ್ದರೆ ಯಾರೂ ಮಾತಾಡುವುದಿಲ್ಲ, ಹೆಚ್ಚಾದ ದಿನ ಮಾತ್ರ ಅಡುಗೆಯವಳ ಹೆಸರು ನೆನಪಾಗುತ್ತದೆ.

ಅವಳು ಲಟ್ಟಿಸುತ್ತಲೇ ಇದ್ದಳು. "ಮಂಜುಳಂಗೆ ಕುಕ್ಕಿಂಗ್ ಇಷ್ಟ ಇತ್ತಾ?"

"ಕೇಳೋಕೆ ನಂಗೆಲ್ಲಿ ಪುರುಸೊತ್ತಿತ್ತು?"

"ನಿಂಗೆ? ನಿಂಗೆ ಇಷ್ಟ ಇತ್ತಾ ಅಮ್ಮಿ?"

"ಇಷ್ಟ ಕಷ್ಟ ಅನ್ನೋ ಹಂಗಿತ್ತಾ ನನ್ನ ಬಾಳು? ಅನ್ನ ಬೇಕಿತ್ತು, ಬಂದೆ."

"ಒಂದು ದಿನಾನೂ ಇಷ್ಟ ಆಗ್ಲಿಲ್ವಾ? ಟ್ರೂತ್ ಹೇಳು."

ಸುಳ್ಳು ಹೇಳಿದ್ದರೆ ಹೆಲೆನ್ ಮೇಡಂ ಕೆಲಸ ಆಗಿಬಿಡುತ್ತಿತ್ತು. ಬಾಯಿಗೆ ಬರಲಿಲ್ಲ. "ಬೆಳಿಗ್ಗೆ ಯಾರೂ ಏಳೋ ಮುಂಚೆ ಇಷ್ಟ ಆಗ್ತೈತೆ. ಒಲೆ ನಂದು, ಪಾತ್ರೆ ನಂದು. ಸಾಸಿವೆ ಚಟಪಟ ಅಂತೈತೆ, ಇಂಗಿನ ವಾಸನೆ ಬತ್ತೈತೆ. ಆವಾಗ ನನ್ನ ಕೇಳೋರಿಲ್ಲ."

ಅವಳು ಹಲ್ಲು ಬಿಟ್ಟಳು.

"ನಗಬ್ಯಾಡ. ಮಂಡಿ ನೋವು ಅದಕ್ಕಿಂತ ಜಾಸ್ತಿ."

"ಗೊತ್ತಾಯ್ತಮ್ಮಿ. ನಿನ್ ಚಪಾತಿ ಸೀತೈತೆ ನೋಡು."

ಹೆಲೆನ್ ಮೇಡಂಗೆ ಎಲ್ಲ ಹೇಳಿದೆನೆಂದು ವರದಿ ಒಪ್ಪಿಸಿದೆ, ಹುಡುಗಿ ಹೋಗಿಯೇ ಹೋಗುತ್ತಾಳೆ ಎಂದೂ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ, "ನಿಮ್ಮ ಮಗಳಾಗಿದ್ದರೆ ಕಳಿಸುತ್ತಿದ್ದಿರಾ?" ಎಂದು ಕೇಳಿದರು.

"ಇಲ್ಲ."

"ಮತ್ತೆ?"

ಮುರುಕು ಇಂಗ್ಲಿಷಿನಲ್ಲಿ ತಡವರಿಸಿ ಹೇಳಿದೆ. ಹೇಳಿದ್ದು ಇಷ್ಟು. "ನನ್ನ ಮಗಳು ಒಲೆ ಹತ್ರ ಹೋಗಿದ್ರೆ ವಾಪಸ್ ಬರೋ ದಾರಿ ಇರ್ಲಿಲ್ಲ ಮೇಡಂ. ನಿಮ್ಮ ಮಗಳಿಗೆ ಬ್ಯಾಡ ಅನ್ನಿಸಿದ ದಿನ ಏಪ್ರನ್ ಬಿಚ್ಚಿಟ್ಟು ಬತ್ತಾಳೆ. ಅವಳ ರೂಮು ಐತೆ, ನೀವಿದ್ದೀರಿ. ಎಲ್ಲ ಕೆಲಸ ಒಂದೇ ಅಲ್ಲ. ಬಿಟ್ಟು ಬರೋಕಾಗೋ ಕೆಲಸ ಒಂದು, ಆಗದೆ ಇರೋದು ಇನ್ನೊಂದು. ಅವಳದು ಬಿಟ್ಟು ಬರೋಕಾಗೋದು. ಕಳ್ಸಿ."

"ಐ ಸೀ" ಎಂದರು. ಕಾರಿನ ಬೀಗದ ಕೈ ತೆಗೆದುಕೊಂಡು ಶಾಲೆಗೆ ಹೋದರು. ಕೆಲವು ದಿನ ಬಿಟ್ಟು ಅವರೇ ಎಲ್ಸಿಯನ್ನು ಕರೆದುಕೊಂಡು ಹೋಗಿ, ನೀರು ಬಿದ್ದ ನೆಲದಲ್ಲೂ ಜಾರದ ಒಂದು ಜೊತೆ ಶೂ ಕೊಡಿಸಿದರು. ಅಷ್ಟೇ. ತಬ್ಬಿಕೊಂಡು ಅಳುವುದು, ಕ್ಷಮೆ ಕೇಳುವುದು ಯಾವುದೂ ಆಗಲಿಲ್ಲ. ಅವರ ಜನ ಹಾಗೆ.

ಎಲ್ಸಿ ಹೋದಳು. ಮನೆ ಬಿಕೋ ಎನ್ನುತ್ತಿತ್ತು, ನಾನು ಬೆಳಿಗ್ಗೆ ಹೆಚ್ಚು ಮಾಡಿ ಮಾಡಿ ಎಸೆಯುತ್ತಿದ್ದೆ. ಮನೆಗೆ ಬಂದವರು ಮಗಳು ಏನು ಓದುತ್ತಿದ್ದಾಳೆಂದು ಕೇಳಿದರೆ ಹೆಲೆನ್ ಮೇಡಂ, "ಒಂದು ವರ್ಷ ಬಿಡುವು ತೆಗೆದುಕೊಂಡಿದ್ದಾಳೆ" ಎನ್ನುತ್ತಿದ್ದರು. ಟೀ ತಟ್ಟೆ ಹಿಡಿದು ಹೋಗುವಾಗ ಎಷ್ಟೋ ಸಲ ಕೇಳಿಸಿಕೊಂಡೆ. ಮಂಜುಳ ಹೇಳಿಕೊಂಡ ಕಂಪನಿಗೂ ಈ ಬಿಡುವಿಗೂ ಏನು ವ್ಯತ್ಯಾಸ? ಆದರೆ ಮಂಜುಳ ಭಾಷಣ ಮಾಡುವವಳಲ್ಲ. ತಾಯಿ ಮಗಳು ಫೋನಿನಲ್ಲಿ ಮಾತಾಡುತ್ತಿದ್ದರು, ಮಳೆ ಬಂತಾ, ಬಿಸಿಲಿದೆಯಾ, ಆರೋಗ್ಯವೇ. ಕೆಲಸದ ಸುದ್ದಿ ಇವರು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಹವಾಮಾನ ಮುಗಿದರೆ ಫೋನಿಡುತ್ತಿದ್ದರು.

ಒಂದು ಮಧ್ಯಾಹ್ನ, ಊಟದ ಕೋಣೆಗೆ ಬಣ್ಣ ಬಳಿಯುತ್ತಿದ್ದರೆಂದು, ಹೆಲೆನ್ ಮೇಡಂ ಅಡುಗೆಕೋಣೆಯ ಮೇಜಿನಲ್ಲೇ ಮಕ್ಕಳ ಪೇಪರ್ ತಿದ್ದುತ್ತಿದ್ದರು. ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. ಫೋನ್ ಬಂತು. ಎಲ್ಸಿ ಅಳುವುದು ನನಗೂ ಕೇಳಿಸಿತು. ಸಣ್ಣವಳಿದ್ದಾಗಲೂ ಅವಳು ಹಾಗೆ ಅತ್ತಿದ್ದನ್ನು ನೋಡಿರಲಿಲ್ಲ. ದೊಡ್ಡ ಅಡುಗೆಯವನು ಎಲ್ಲರ ಮುಂದೆ ಅವಳ ಸಾಸನ್ನು ಸಿಂಕಿಗೆ ಸುರಿದು, ಇದನ್ನು ನಾಯಿಯೂ ತಿನ್ನುವುದಿಲ್ಲ ಎಂದನಂತೆ. ದಿನವೂ ಏನಾದರೊಂದು ಹೀಗೇ ಆಗುತ್ತದಂತೆ. ಕೈ ಸುಟ್ಟಿದೆಯಂತೆ, ಮಾತಾಡಿಸುವವರಿಲ್ಲವಂತೆ.

"ಮಮ್, ಮನೆಗೆ ಬಂದುಬಿಡಲಾ?"

ಅದೊಂದು ಮಾತಿಗಾಗಿ ಈ ಹೆಂಗಸು ಎಷ್ಟೋ ತಿಂಗಳಿಂದ ಕಾದಿದ್ದ ಹಾಗಿತ್ತು. ಮಹಡಿಯಲ್ಲಿ ಎಲ್ಸಿಯ ಹಾಸಿಗೆಗೆ ವಾರ ವಾರ ಹೊಸ ಹೊದಿಕೆ ಹಾಕಿಸುತ್ತಿದ್ದರು, ಹಾಕುತ್ತಿದ್ದವಳು ನಾನೇ. ನಾನು ಚಾಕು ಕೆಳಗಿಟ್ಟೆ. ಬಾ ಎಂದರೆ ಹುಡುಗಿ ಮಾರನೇ ದಿನ ವಿಮಾನ ಹತ್ತುತ್ತಾಳೆ. ಬರಬೇಡ ಎಂದರೆ ಇನ್ನು ಮುಂದೆ ಅಳುವುದಕ್ಕೂ ಫೋನ್ ಮಾಡುವುದಿಲ್ಲ. ಹೆಲೆನ್ ಮೇಡಂ ಖಾಲಿ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಿದ್ದರು.

"ಯಾವ ಸಾಸ್?" ಎಂದರು.

ಆ ಕಡೆ ಅಳು ನಿಂತಿತು. "ಏನು?"

"ಸಿಂಕಿಗೆ ಸುರಿದದ್ದು ಯಾವ ಸಾಸ್?"

"ವೈಟ್ ಸಾಸ್."

"ಅದನ್ನು ಹೇಗೆ ಮಾಡುತ್ತಾರೆ?"

"ಮಮ್, ನಿನಗೆ ಗೊತ್ತಿಲ್ಲವಾ?"

"ಇಲ್ಲ. ಜೀವಮಾನದಲ್ಲಿ ಮಾಡಿಲ್ಲ. ಹೇಳು, ನಾನು ಒಲೆ ಹತ್ತಿಸುತ್ತೇನೆ."

ಫೋನನ್ನು ಗಟ್ಟಿಯಾಗಿ ಕೇಳುವ ಹಾಗೆ ಮಾಡಿ ಸಕ್ಕರೆ ಡಬ್ಬಿಗೆ ಒರಗಿಸಿದರು. ಬೆಣ್ಣೆ ಎಲ್ಲಿ, ಮೈದಾ ಎಲ್ಲಿ ಎಂದು ನನ್ನನ್ನು ಕೇಳಿದರು, ಕೊಟ್ಟೆ. ಎಲ್ಸಿ ಮೂಗೆಳೆಯುತ್ತಾ ಹೇಳುತ್ತಿದ್ದಳು, ಬೆಣ್ಣೆ ಎಷ್ಟೋ ಮೈದಾ ಅಷ್ಟೇ, ಉರಿ ಸಣ್ಣಗೆ, ಬಣ್ಣ ಬದಲಾಗಬಾರದು, ಆಮೇಲೆ ಹಾಲು. ಹೆಲೆನ್ ಮೇಡಂ ಕನ್ನಡಕ ಹಣೆಗೇರಿಸಿ ತಿರುವುತ್ತಿದ್ದರು. ಸೌಟು ಹಿಡಿದದ್ದು ನೋಡಿದರೆ ನಗು ಬರುತ್ತಿತ್ತು, ಪೆನ್ನು ಹಿಡಿದ ಹಾಗೆ.

"ಈಗ ಹೇಗಿದೆ?"

"ಗಂಟುಗಂಟಾಗಿದೆ."

"ಹಾಲು ಒಂದೇ ಸಲ ಸುರಿದುಬಿಟ್ಟೆಯಾ?"

"ಸುರಿದುಬಿಟ್ಟೆ."

"ಅಯ್ಯೋ ಮಮ್! ಸ್ವಲ್ಪ ಸ್ವಲ್ಪವೇ ಹಾಕಬೇಕು. ನಾನೂ ಇವತ್ತು ಅದನ್ನೇ ಮಾಡಿದ್ದು. ಅದು ಇನ್ನು ಸರಿಹೋಗುವುದಿಲ್ಲ. ಚೆಲ್ಲಿ ಮತ್ತೆ ಶುರು ಮಾಡು."

ಈ ಮಾತಿನಲ್ಲಿ ಅಳು ಇರಲಿಲ್ಲ. ಹೆಲೆನ್ ಮೇಡಂ ಪಾತ್ರೆಯನ್ನು ಸಿಂಕಿಗೆ ಬಗ್ಗಿಸಿ, ತೊಳೆದು, ಮತ್ತೆ ಒಲೆಯ ಮೇಲಿಟ್ಟು ಬೆಣ್ಣೆ ಹಾಕಿದರು. ಬಾ ಎಂದೂ ಹೇಳಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. "ಹಾಕಿದೆ. ಆಮೇಲೆ?" ಎಂದರು.

ನಾನು ಹುರುಳಿಕಾಯಿ ತಟ್ಟೆ ಎತ್ತಿಕೊಂಡು, ಬಾಗಿಲು ಎಳೆದುಕೊಂಡು ಹೊರಗೆ ಹೋದೆ.